ಅಕ್ಷರವಿಲ್ಲದವಳ ಕೈಯಲ್ಲಿ ಗಣಕಯಂತ್ರ

ಈ ಸಂಚಿಕೆಗಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ವಿದ್ಯಾರ್ಥಿನಿಯರು ನಮ್ಮನ್ನು ಕೇಳಿದಾಗ, ವಾಡಿಕೆಯಂತೆ ಶಾಲೆಯ ವರ್ಷದ ವೃತ್ತಾಂತವನ್ನೋ ಶಿಸ್ತಿನ ಪ್ರಯೋಜನವನ್ನೋ ಕುರಿತು ನಾಲ್ಕು ಮಾತು ಬರೆದು ಮುಗಿಸೋಣವೆಂದಿದ್ದೆವು. ಆದರೆ ಅದೇ ವಾರದಲ್ಲಿ ನಡೆದ ಒಂದು ಚಿಕ್ಕ ಸಂಗತಿಯು ನಮ್ಮ ಲೇಖನಿಯನ್ನು ಬೇರೊಂದು ಕಡೆಗೆ ತಿರುಗಿಸಿತು.

ಎಂಟನೆಯ ತರಗತಿಯ ನಮ್ಮ ಒಬ್ಬ ವಿದ್ಯಾರ್ಥಿನಿಯ ತಾಯಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರಸಿ, ಮಗಳನ್ನು ಓದಿಸುತ್ತಿರುವಾಕೆ. ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯ ಪ್ರಮಾಣಪತ್ರವನ್ನು ಮರುದಿನವೇ ತರತಕ್ಕದ್ದೆಂದು ನಾವು ಪೋಷಕರೆಲ್ಲರ ಮೊಬೈಲಿಗೆ ವಾಟ್ಸ್ಯಾಪಿನ ಮೂಲಕ ಅಚ್ಚುಕಟ್ಟಾದ ಕನ್ನಡದಲ್ಲಿ ಸೂಚನೆಯನ್ನು ಕಳುಹಿಸಿದ್ದೆವು. ಗಡುವು ಮೀರಿತು, ಆಕೆ ಬರಲಿಲ್ಲ. ಮೂರನೆಯ ದಿನ ಕರೆಯಿಸಿ, ಸ್ವಲ್ಪ ಗಡುಸಾಗಿಯೇ, ಸೂಚನೆ ಬರಲಿಲ್ಲವೇ ಎಂದು ವಿಚಾರಿಸಿದೆವು. ಆಕೆ ಸೆರಗಿನಿಂದ ಮೊಬೈಲನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟು, "ಬಂತು ಮೇಡಮ್ಮೋರೆ. ಫೋನು ಟಿಣ್ ಅಂತು, ಏನೋ ಬಂದೈತೆ ಅಂತ ಗೊತ್ತಾಯ್ತು. ಏನು ಬಂದೈತೆ ಅಂತ ಹೇಳೋರು ಯಾರು? ಮಗಳು ಅಜ್ಜಿ ಊರಿಗೆ ಹೋಗಿದ್ಲು" ಎಂದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ತಪ್ಪು ಯಾರದೆಂಬುದು ಮೇಜಿನ ಈಚೆಗೆ ಕುಳಿತಿದ್ದ ನಮಗೇ ಚೆನ್ನಾಗಿ ತಿಳಿಯಿತು.

ಇಂಥ ಸಂದರ್ಭಗಳಲ್ಲಿ, "ಪಾಪ, ಓದು ಬರುವುದಿಲ್ಲ, ಆದುದರಿಂದ ಯಂತ್ರವನ್ನು ಉಪಯೋಗಿಸಲು ಬರುವುದಿಲ್ಲ" ಎಂದು ಹೇಳಿ ಸುಮ್ಮನಾಗುವುದು ನಮ್ಮೆಲ್ಲರ ರೂಢಿ. ಕೊರತೆಯು ಮನುಷ್ಯಳಲ್ಲಿಯೇ ಇರಬೇಕೇ? ಯಂತ್ರದಲ್ಲಿ ಇರಬಾರದೇ? ಹೀಗೆ ತಿರುಗಿಸಿ ಕೇಳಿದವರೂ ಉಂಟು. ಅವರಲ್ಲಿ ಕೆಲವರು ದೂರದೇಶದವರಲ್ಲ, ನಮ್ಮ ಬೆಂಗಳೂರಿನಲ್ಲಿಯೇ ಕೆಲಸಮಾಡಿದವರು. ಮನುಷ್ಯನಿಗೂ ಗಣಕಯಂತ್ರಕ್ಕೂ ನಡೆಯುವ ವ್ಯವಹಾರವನ್ನು ವಿಚಾರಿಸುವ ಶಾಸ್ತ್ರವೊಂದು ಬಹುಕಾಲದಿಂದ ಬೆಳೆದು ಬಂದಿದೆ. ಅದು ಮೊದಲು ಹುಟ್ಟಿದ್ದು ಐಶ್ವರ್ಯವುಳ್ಳ ದೇಶಗಳ ಕಚೇರಿಗಳಲ್ಲಿ. ಆದಕಾರಣ ಅದು ಕಲ್ಪಿಸಿಕೊಂಡ ಮನುಷ್ಯನು ಓದುಬರಹ ಬಲ್ಲವನು, ಇಂಗ್ಲಿಷ್ ಬಲ್ಲವನು, ತನ್ನದೇ ಆದ ಯಂತ್ರದ ಮುಂದೆ ತಾನೊಬ್ಬನೇ ಕುರ್ಚಿಯ ಮೇಲೆ ಕೂಡುವವನು. ನಮ್ಮ ಕೇರಿಗಳಲ್ಲಿ ಅಂಥವನನ್ನು ದೀಪ ಹಿಡಿದು ಹುಡುಕಬೇಕು.

೨೦೦೫ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಬೆಂಗಳೂರಿನಲ್ಲಿ ಒಂದು ಸಂಶೋಧನಾಲಯವನ್ನು ತೆರೆದರು. ಕೆಂಟಾರೋ ಟೊಯಾಮಾ ಎಂಬ ವಿದ್ವಾಂಸರ ಮೇಲ್ವಿಚಾರಣೆಯಲ್ಲಿ ಅಲ್ಲಿನ ಒಂದು ತಂಡವು ಬಡವರಿಗೆ ಯಂತ್ರವು ಹೇಗೆ ಒದಗೀತೆಂಬುದನ್ನೇ ವಿಷಯವಾಗಿ ಇಟ್ಟುಕೊಂಡಿತು. ಆ ತಂಡವನ್ನು ಸೇರಿದ ಇಂದ್ರಾಣಿ ಮೇಧಿ ಎಂಬ ತರುಣಿಯ ಕೆಲಸವನ್ನು ಕುರಿತು ನಾವು ಇಲ್ಲಿ ವಿಶೇಷವಾಗಿ ಹೇಳಬೇಕೆಂದಿದ್ದೇವೆ. ಅವರು ಮೊದಲು ಕಲಿತದ್ದು ಕಟ್ಟಡಗಳ ವಿನ್ಯಾಸವನ್ನು, ಬಳಿಕ ವಿನ್ಯಾಸಶಾಸ್ತ್ರವನ್ನು. ಒಂದು ಸ್ತ್ರೀಸಂಸ್ಥೆಯ ನೆರವಿನಿಂದ ಅವರು ಬೆಂಗಳೂರಿನ ಕೊಳೆಗೇರಿಗಳಿಗೆ ಹೋಗಿ, ಮನೆಗೆಲಸ ಮಾಡುವ ಹೆಂಗಸರೊಡನೆ ಕುಳಿತು, ಅಕ್ಷರವೇ ಇಲ್ಲದ ಪರದೆಯೊಂದನ್ನು ರಚಿಸಲು ಪ್ರಯತ್ನಿಸಿದರು. ಯಾವ ಬಡಾವಣೆಯಲ್ಲಿ ಯಾವ ಕೆಲಸವಿದೆ, ಸಂಬಳವೆಷ್ಟು, ವೇಳೆ ಯಾವುದು ಎಂಬುದನ್ನು ಆ ಹೆಂಗಸರು ಯಾರನ್ನೂ ಕೇಳದೆ ತಾವೇ ಯಂತ್ರದಿಂದ ತಿಳಿದುಕೊಳ್ಳುವಂತಾಗಬೇಕೆಂಬುದು ಉದ್ದೇಶ. ಈ ಕೆಲಸದ ವರದಿಯು ೨೦೦೬ರಲ್ಲಿ ಪ್ರಕಟವಾಯಿತು.

ಓದುಬಾರದವರಿಗೆ ಚಿತ್ರ ತೋರಿಸಿದರೆ ಸಾಕೆಂದು ನಾವು ನೀವು ಭಾವಿಸುತ್ತೇವೆ. ಚಿತ್ರವೂ ಒಂದು ಭಾಷೆಯೇ ಎಂಬುದು ಈ ಪ್ರಯತ್ನದಲ್ಲಿ ಗೊತ್ತಾಯಿತು. ಅಡಿಗೆಮನೆಯ ಕೆಲಸವನ್ನು ಸೂಚಿಸುವುದಕ್ಕಾಗಿ ಪಾತ್ರೆಪರಡಿಗಳ ಚಿತ್ರವನ್ನು ಬರೆದು ತೋರಿಸಿದರೆ, ಹೆಂಗಸರು ಅದನ್ನು "ಅಡಿಗೆಮನೆ" ಎಂಬ ಸ್ಥಳವೆಂದು ಓದಿಕೊಂಡರೇ ಹೊರತು "ಅಡಿಗೆಮನೆಯಲ್ಲಿ ಮಾಡುವ ಕೆಲಸ" ಎಂದು ಓದಿಕೊಳ್ಳಲಿಲ್ಲ. ನಲ್ಲಿಯಿಂದ ನೀರು ಸುರಿಯುವಂತೆಯೂ, ಪಾತ್ರೆಯಿಂದ ಹಬೆ ಏಳುವಂತೆಯೂ ಗೆರೆಗಳನ್ನು ಸೇರಿಸಿದ ಮೇಲೆಯೇ ಅದು ಕೆಲಸವಾಯಿತು. ವ್ಯಾಕರಣ ಕಲಿಸುವ ನಮಗೆ ಇದು ಬಹಳ ಸ್ವಾರಸ್ಯವಾಗಿ ತೋರುತ್ತದೆ. ನಾಮಪದಕ್ಕೂ ಕ್ರಿಯಾಪದಕ್ಕೂ ಇರುವ ಭೇದವನ್ನು ಶಾಲೆಯ ಮುಖವನ್ನೇ ಕಾಣದವರು ಎಷ್ಟು ಖಂಡಿತವಾಗಿ ಹಿಡಿದರು! ಇಷ್ಟೇ ಅಲ್ಲದೆ, ಪ್ರತಿಯೊಂದು ಚಿತ್ರಕ್ಕೂ ಅವರ ಭಾಷೆಯಲ್ಲಿ ಧ್ವನಿಯನ್ನು ಕೂಡಿಸಬೇಕಾಯಿತು. ಎಲ್ಲಿ ಸಿಕ್ಕಿಕೊಂಡರೂ ಸಹಾಯ ದೊರೆಯುವಂತೆ ಮಾಡಬೇಕಾಯಿತು.

ಇಷ್ಟೆಲ್ಲಾ ಆದರೂ ಹಲವರು ಯಂತ್ರವನ್ನು ಮುಟ್ಟಲು ಹಿಂಜರಿದರು. ಮುಟ್ಟಿದರೆ ಕೆಟ್ಟೀತೆಂಬ ಭಯ ಒಂದು. ಈ ಪೆಟ್ಟಿಗೆಗೂ ತನ್ನ ಕೂಲಿಗೂ ಏನು ಸಂಬಂಧವೆಂಬ ಸಂದೇಹ ಇನ್ನೊಂದು. ಯಜಮಾನಿತಿಗೆ ಬೇಕಾದ ಕೆಲಸದ ಸಂಗತಿಯು ಈ ಪೆಟ್ಟಿಗೆಯೊಳಕ್ಕೆ ಹೇಗೆ ಬಂದು ಕುಳಿತಿತು? ಈ ಪ್ರಶ್ನೆಗೆ ಉತ್ತರ ತಿಳಿಯದೆ ಅದನ್ನು ನಂಬುವುದಾದರೂ ಹೇಗೆ? ಆದುದರಿಂದ ಅವರು ಒಂದು ಸಣ್ಣ ನಾಟಕದಂಥ ಚಲನಚಿತ್ರವನ್ನು ಮಾಡಿ, ಕೆಲಸದವಳು ಬೇಕಾದ ಮನೆಯವರು ವಿಷಯವನ್ನು ತಿಳಿಸುವುದರಿಂದ ಹಿಡಿದು, ಅದು ಯಂತ್ರವನ್ನು ಸೇರುವುದನ್ನೂ, ತಮ್ಮಂಥ ಒಬ್ಬ ಹೆಂಗಸು ಅದನ್ನು ನೋಡಿ ಕೆಲಸ ಹಿಡಿಯುವುದನ್ನೂ ತೋರಿಸಿದರು. ಮಕ್ಕಳಿಗೆ ಲೆಕ್ಕದ ಸೂತ್ರವನ್ನು ಕೊಟ್ಟು ಅದು ಎಲ್ಲಿಂದ ಬಂತೆಂಬುದನ್ನು ಹೇಳದೆ ಬಿಡುವ ನಮ್ಮ ಬೋಧನಕ್ರಮಕ್ಕೆ ಇದರಲ್ಲಿ ಸ್ವಲ್ಪ ಪಾಠವುಂಟು.

ಈ ಸಂಶೋಧಕರು ತಮ್ಮ ಕೆಲಸವನ್ನೇ ಸಂದೇಹದಿಂದ ಪರೀಕ್ಷಿಸಿಕೊಂಡದ್ದು ನಮಗೆ ಬಹಳ ಮೆಚ್ಚಿಕೆಯಾಯಿತು. ಇನ್ಸ್‌ಪೆಕ್ಟರರು ಬಂದ ದಿನ ನಮ್ಮ ಮಕ್ಕಳು ಹೇಗೆ ವರ್ತಿಸುತ್ತಾರೆಂಬುದು ಉಪಾಧ್ಯಾಯಿನಿಯರಿಗೆಲ್ಲಾ ತಿಳಿದದ್ದೇ. ಅವರ ಮನಸ್ಸಿಗೆ ಏನು ಹಿತವೋ ಅದನ್ನೇ ಹೇಳುತ್ತಾರೆ. ಬಡವರೂ ತಮ್ಮ ಮನೆಗೆ ಬಂದ ವಿದ್ಯಾವಂತರಿಗೆ ಹೀಗೆಯೇ ಹೇಳುತ್ತಾರೆಯೇ? ಬೆಂಗಳೂರಿನಲ್ಲಿ ನಡೆದು ೨೦೧೨ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇದನ್ನೇ ಅಳೆದರು. ನಿಕೋಲಾ ಡೆಲ್, ಮೇಧಿ ಮುಂತಾದವರು ಅದನ್ನು ನಡೆಯಿಸಿದರು. ಇದು ನಾನು ಮಾಡಿದ್ದು ಎಂದು ಕೇಳುವವನು ತಿಳಿಸಿದೊಡನೆ, ಜನರು ಅದನ್ನೇ ಮೆಚ್ಚುವ ಸಂಭವವು ಎರಡೂವರೆ ಪಟ್ಟಾಯಿತು. ಕೇಳುವವನು ಪರದೇಶಿಯಾಗಿದ್ದು ದುಭಾಷಿಯ ಮೂಲಕ ಮಾತನಾಡಿದಾಗ ಐದು ಪಟ್ಟಾಯಿತು. ಇದನ್ನು ಓದಿದ ಮೇಲೆ, "ಶಾಲೆಯಲ್ಲಿ ಎಲ್ಲಾ ಚೆನ್ನಾಗಿದೆ ಮೇಡಮ್ಮೋರೆ" ಎಂದು ಪೋಷಕರ ಸಭೆಯಲ್ಲಿ ಕೇಳಿಬರುವ ಮಾತಿಗೆ ಎಷ್ಟು ಬೆಲೆ ಕಟ್ಟಬೇಕೆಂದು ನಾವು ಯೋಚಿಸತೊಡಗಿದ್ದೇವೆ.

ಇನ್ನು ನಮ್ಮ ಶಾಲೆಗೇ ಸಂಬಂಧಪಟ್ಟ ಮಾತು. ಗಣಕಯಂತ್ರದ ಕೊಠಡಿಯಲ್ಲಿ ನಮ್ಮಲ್ಲಿ ಮೂರು ನಾಲ್ಕು ಮಕ್ಕಳಿಗೆ ಒಂದು ಯಂತ್ರ. ಮೌಸ್ ಎಂಬ ಆ ಕೈಗುಂಡು ಯಾರ ಕೈಗೆ ಹೋಗುತ್ತದೆಂಬುದನ್ನು ನಾವು ಬಾಗಿಲಲ್ಲಿ ನಿಂತು ಎಷ್ಟೋ ಸಲ ನೋಡಿದ್ದೇವೆ. ಮನೆಯಲ್ಲಿ ಯಂತ್ರವಿರುವ ಹುಡುಗಿಯ ಕೈಗೇ ಅದು ಹೋಗುವುದು. ಉಳಿದವರು ಆಕೆಯ ಭುಜದ ಮೇಲಿನಿಂದ ಇಣುಕುವುದು. ಅಭ್ಯಾಸವುಳ್ಳವಳಿಗೇ ಮತ್ತಷ್ಟು ಅಭ್ಯಾಸ! ಬೆಂಗಳೂರಿನ ಅದೇ ಸಂಶೋಧನಾಲಯದ ಉದಯ್ ಸಿಂಗ್ ಪವಾರ್, ಜೊಯೊಜೀತ್ ಪಾಲ್, ಟೊಯಾಮಾ ಇವರುಗಳು ಬಡಶಾಲೆಗಳಲ್ಲಿ ಇದನ್ನೇ ಕಂಡು, ಒಂದೇ ಯಂತ್ರಕ್ಕೆ ಹಲವು ಮೌಸ್‌ಗಳನ್ನು ಜೋಡಿಸಿ, ಪರದೆಯ ಮೇಲೆ ಪ್ರತಿಯೊಂದು ಮಗುವಿಗೂ ಬೇರೆ ಬೇರೆ ಬಾಣದ ಗುರುತು ಬರುವಂತೆ ಮಾಡಿದರು. ೨೦೦೭ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗ್ರಾಮಾಂತರದ ಬಡಮನೆಗಳ ೨೩೮ ಮಕ್ಕಳು ಇಂಗ್ಲಿಷ್ ಶಬ್ದಗಳನ್ನು ಕಲಿತರು. ಐವರು ಒಂದೇ ಯಂತ್ರದ ಮುಂದೆ ಐದು ಮೌಸ್‌ಗಳನ್ನು ಹಿಡಿದು ಕಲಿತದ್ದು, ಒಬ್ಬೊಬ್ಬರೇ ಒಂದೊಂದು ಯಂತ್ರದಲ್ಲಿ ಕಲಿತದ್ದಕ್ಕೆ ಒಟ್ಟಿನಲ್ಲಿ ಸರಿಸಮವಾಗಿತ್ತು. ಬಾಲಕರ ಕಲಿಕೆಯು ಯಂತ್ರದ ಏರ್ಪಾಟಿಗೆ ತಕ್ಕಂತೆ ಹೆಚ್ಚುಕಡಿಮೆಯಾಯಿತು; ಬಾಲಿಕೆಯರು ಎಲ್ಲಾ ಏರ್ಪಾಟುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕಲಿತರು. ಇದನ್ನು ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಓದಿ ಹೇಳಿದಾಗ ನಮ್ಮ ಸಹೋದ್ಯೋಗಿನಿಯರು ಸಂತೋಷಪಟ್ಟರೆಂದು ಬೇರೆ ಹೇಳಬೇಕಾದುದಿಲ್ಲ. ಹತ್ತು ಯಂತ್ರಗಳಿಗೆ ಚಂದಾ ಎತ್ತುವುದಕ್ಕೆ ಮೊದಲು ಹತ್ತು ಮೌಸ್‌ಗಳ ಬೆಲೆಯನ್ನು ವಿಚಾರಿಸಬೇಕೆಂಬುದು ಅಂದಿನಿಂದ ನಮ್ಮ ಅಭಿಪ್ರಾಯ. ಅದಕ್ಕೆ ತಕ್ಕ ಪಾಠಗಳನ್ನು ಯಾರಾದರೂ ಸಿದ್ಧಪಡಿಸಬೇಕೆಂಬುದೂ ನಿಜವೇ. ಆದರೂ ಆಡಳಿತ ಮಂಡಲಿಯವರ ಮುಂದೆ ಇದನ್ನು ಇಡಲಿದ್ದೇವೆ.

ಶಾಲೆಯ ಗೋಡೆಗಳನ್ನು ದಾಟಿ ಮನೆಗೆ ಹೋದರೆ ಪ್ರಶ್ನೆಯು ಇನ್ನೂ ಕಠಿನವಾಗುತ್ತದೆ. ೨೦೧೧ರ ಜನಗಣತಿಯ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ನೂರಕ್ಕೆ ೬೮ ಮಂದಿ ಅಕ್ಷರಸ್ಥರು, ಗಂಡಸರಲ್ಲಿ ೮೨. ೨೦೧೯ರಿಂದ ೨೦೨೧ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಉಪಯೋಗಿಸುವ ಮೊಬೈಲುಳ್ಳ ಹೆಂಗಸರು ದೇಶದಲ್ಲಿ ನೂರಕ್ಕೆ ೫೪ರಷ್ಟು ಮಾತ್ರ ಕಂಡುಬಂದರು. ಎಂದಾದರೂ ಇಂಟರ್ನೆಟ್ಟನ್ನು ಬಳಸಿದ ಹೆಂಗಸರು ನೂರಕ್ಕೆ ೩೩, ಗಂಡಸರು ೫೭. ೨೦೨೦ರಲ್ಲಿ ಕೊರೋನಾ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿ ಪಾಠಗಳು ಮೊಬೈಲಿಗೆ ಹೋದಾಗ ಈ ಅಂಕೆಗಳ ಅರ್ಥವನ್ನು ನಾವು ಕಣ್ಣಾರೆ ಕಂಡೆವು. ಮನೆಯಲ್ಲಿ ಒಂದೇ ಮೊಬೈಲು. ತಂದೆ ಅದನ್ನು ಕೆಲಸಕ್ಕೆ ಒಯ್ಯುವನು. ಸಂಜೆ ಬಂದರೆ ಮೊದಲು ಅಣ್ಣನ ಪಾಠ. ಆಮೇಲೆ ಒಲೆ, ಪಾತ್ರೆ, ನೀರು. ಹತ್ತು ಗಂಟೆಯ ರಾತ್ರಿಯಲ್ಲಿ ಬೀಜಗಣಿತದ ಲೆಕ್ಕಗಳ ಚಿತ್ರವನ್ನು ಕಳುಹಿಸುತ್ತಿದ್ದ ಒಬ್ಬ ಹುಡುಗಿಯನ್ನು ತಡವೇಕೆಂದು ನಾವು ಗದರಿಸಿದೆವು. ಕಾರಣವು ಬಹಳ ದಿನಗಳ ಮೇಲೆ ತಿಳಿಯಿತು.

ಅಕ್ಷರವಿಲ್ಲದ ಮನೆಗಳಲ್ಲಿ ಯಂತ್ರವನ್ನು ಉಪಯೋಗಿಸುವುದು ಸಾಮಾನ್ಯವಾಗಿ ಒಬ್ಬರಿಂದ ಆಗುವ ಕೆಲಸವಲ್ಲ. ನಿತ್ಯಾ ಸಾಂಬಶಿವನ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಎರಡು ಕೊಳೆಗೇರಿಗಳಲ್ಲಿ ಇದನ್ನು ಗಮನಿಸಿ ೨೦೧೦ರಲ್ಲಿ ಬರೆದರು. ಒಮ್ಮೆ ಪಕ್ಕದಲ್ಲಿದ್ದವರು ಗುಂಡಿಗಳನ್ನು ಒತ್ತಿಕೊಡುತ್ತಾರೆ. ಒಮ್ಮೆ ಪರದೆಯಲ್ಲಿರುವುದನ್ನು ಓದಿ ತಿಳಿಯಹೇಳುತ್ತಾರೆ. ಒಮ್ಮೆ ಇಡೀ ಕೆಲಸವನ್ನೇ ಅವರ ಪರವಾಗಿ ಮಾಡಿ ಫಲವನ್ನು ಮಾತ್ರ ತಂದುಕೊಡುತ್ತಾರೆ. ಹೀಗೆ ನಡುವೆ ನಿಲ್ಲುವವರು ಯಾರು? ವಾಚಕಿಯರೇ, ಬಹಳ ಮಟ್ಟಿಗೆ ನೀವೇ! ನಿಮ್ಮ ಮನೆಯ ಬ್ಯಾಂಕಿನ ಸಂದೇಶ, ಪಡಿತರದ ಸುದ್ದಿ, ಅಜ್ಜಿಯ ಔಷಧದ ಚೀಟಿ, ಇವೆಲ್ಲಕ್ಕೂ ಕಣ್ಣು ನೀವು. ಇದು ಗೌರವದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೆ ತಾಯಿಯಾದವಳು ತನ್ನ ರೋಗವನ್ನೂ ಸಾಲವನ್ನೂ ಹದಿಮೂರು ವರ್ಷದ ಮಗಳ ಬಾಯಿಂದಲೇ ಕೇಳಿ ತಿಳಿಯಬೇಕಾದರೆ ಅದರಲ್ಲಿ ಇಬ್ಬರಿಗೂ ಕಷ್ಟವುಂಟು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳ ಹೆಂಗಸರನ್ನು ಕುರಿತು ಇದೇ ಸಾಂಬಶಿವನ್ ಮೊದಲಾದವರು ೨೦೧೮ರಲ್ಲಿ ಪ್ರಕಟಿಸಿದ ವಿಚಾರಣೆಯಿಂದ, ಒಂದೇ ಮೊಬೈಲನ್ನು ಮನೆಮಂದಿಯೊಡನೆ ಹಂಚಿಕೊಳ್ಳುವ ಹೆಂಗಸರು ಬೀಗದ ಗುರುತಿನಿಂದಲೋ, ಬಂದ ಸಂದೇಶವನ್ನು ಅಳಿಸಿಯೋ, ಏನನ್ನೂ ಬರೆಯದೆ ಇದ್ದೋ ತಮ್ಮ ಅಂತರಂಗವನ್ನು ಕಾಪಾಡಿಕೊಳ್ಳುವರೆಂದು ತಿಳಿದುಬರುತ್ತದೆ. ಯಂತ್ರವು ಒಬ್ಬನ ಸ್ವತ್ತೆಂದು ಭಾವಿಸಿ ಮಾಡಿದವರಿಗೆ ಈ ಹೆಂಗಸರ ಯುಕ್ತಿಯು ಗೋಚರವಾಗಿರಲಾರದು.

ಈಗ, ನಮ್ಮಲ್ಲಿ ನಿಜವಾಗಿ ಭೇದಾಭಿಪ್ರಾಯವುಂಟಾದ ವಿಷಯಕ್ಕೆ ಬರೋಣ. ಯಂತ್ರವು ಮಾತನಾಡುವುದನ್ನೂ ಕೇಳುವುದನ್ನೂ ಕಲಿತಿದೆ. ೨೦೨೩ರಲ್ಲಿ ಜುಗಲ್‌ಬಂದಿ ಎಂಬ ಹೆಸರಿನ ಒಂದು ಸಾಧನವು, ವಾಟ್ಸ್ಯಾಪಿನಲ್ಲಿ ದೇಶಭಾಷೆಯಲ್ಲಿ ಮಾತನಾಡಿ ಕೇಳಿದರೆ, ಸರ್ಕಾರದ ಯೋಜನೆಗಳ ವಿಷಯವನ್ನು ಹುಡುಕಿ ಅದೇ ಭಾಷೆಯಲ್ಲಿ ಹೇಳುವಂತೆ ಪ್ರಯೋಗಕ್ಕೆ ಬಂತು. ಹೀಗಿರಲು, "ಮುಂದೆ ಓದನ್ನು ಕಲಿಸುವುದೇತಕ್ಕೆ? ಬಡವರಿಗೆ ಯಂತ್ರವೇ ಓದಿ ಹೇಳುವುದಲ್ಲವೇ?" ಎಂದು ನಮ್ಮ ಹಿತೈಷಿಗಳೇ ಆದ ಒಬ್ಬ ಮಹನೀಯರು ವಾರ್ಷಿಕೋತ್ಸವದ ಚಹಾಪಾನದ ಹೊತ್ತಿನಲ್ಲಿ ಕೇಳಿದರು. ತಮ್ಮ ಮೊಮ್ಮಕ್ಕಳ ವಿಷಯದಲ್ಲಿ ಅವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲಾರರೆಂಬುದನ್ನು ನಾವು ಗಮನಿಸಿದೆವು.

ಈ ಪ್ರಶ್ನೆಗೆ ಉತ್ತರವು, ಆಶ್ಚರ್ಯವೇನೆಂದರೆ, ಅಕ್ಷರವಿಲ್ಲದ ಪರದೆಯನ್ನು ರಚಿಸಿದ ಅದೇ ಮೇಧಿಯವರ ಮುಂದಿನ ಕೆಲಸದಲ್ಲಿ ದೊರೆಯುತ್ತದೆ. ಅಕ್ಷರಗಳನ್ನೆಲ್ಲಾ ತೆಗೆದುಹಾಕಿದ ಮೇಲೂ ಕೆಲವರು ಏಕೆ ತಡವರಿಸುತ್ತಾರೆಂದು ಅವರು ಪರೀಕ್ಷಿಸಿದರು. ವಸ್ತುಗಳ ಚಿತ್ರಗಳನ್ನು ಒಂದೇ ಉದ್ದವಾದ ಪಟ್ಟಿಯಾಗಿ ಇಟ್ಟರೆ, ಶಾಲೆಯನ್ನು ಹೆಚ್ಚು ಕಾಣದವರು ತಮಗೆ ಬೇಕಾದುದನ್ನು ಹುಡುಕಿಕೊಂಡರು. ಅವನ್ನೇ ವರ್ಗ, ಒಳವರ್ಗ, ಅದರೊಳಗೆ ಇನ್ನೊಂದು ಎಂದು ವಿಂಗಡಿಸಿ ಇಟ್ಟರೆ ಕಷ್ಟಪಟ್ಟರು. ಪರದೆಯಲ್ಲಿ ಒಂದಕ್ಷರವೂ ಇರಲಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ೨೦೧೨ರ ಮತ್ತೊಂದು ಪರೀಕ್ಷೆಯಲ್ಲಿ, ಕಸಗುಡಿಸುವ ವಿದ್ಯುದ್ಯಂತ್ರವನ್ನು ಉಪಯೋಗಿಸುವ ಬಗೆಯನ್ನು ಚಲನಚಿತ್ರದಲ್ಲಿ ತೋರಿಸಿ, ಬಳಿಕ ಸ್ವಲ್ಪ ಬೇರೆ ರೀತಿಯ ಯಂತ್ರವನ್ನು ಕೈಗೆ ಕೊಟ್ಟಾಗ, ಕಲಿತುದನ್ನು ಹೊಸದಕ್ಕೆ ಅನ್ವಯಿಸುವ ಶಕ್ತಿಯಲ್ಲಿಯೂ ಶಾಲೆಯ ಓದಿಗೆ ತಕ್ಕ ಭೇದವು ಕಂಡಿತು. ಓದು ಇದ್ದಲ್ಲಿ ಈ ಶಕ್ತಿಯೂ ಹೆಚ್ಚಾಗಿ ಕಂಡುಬಂದಿತೇ ಹೊರತು, ಇದೊಂದೇ ಕಾರಣವೆಂದು ಅಲ್ಲಿ ಸಿದ್ಧವಾಗಲಿಲ್ಲ. ಬಡತನದ ಮನೆಯಲ್ಲಿ ಓದಿನೊಡನೆ ಕೊರತೆಯಾಗುವ ವಸ್ತುಗಳು ಬೇರೆಯೂ ಉಂಟಷ್ಟೆ. ಅಕ್ಷರವಿಲ್ಲದವರಿಗೆ ಬುದ್ಧಿಯಿಲ್ಲವೆಂದು ಯಾರೂ ಇದರಿಂದ ಅರ್ಥಮಾಡಬಾರದು. ನಾಲ್ಕು ಮನೆಗಳ ಹಾಲಿನ ಲೆಕ್ಕ, ರಜೆಯ ಲೆಕ್ಕ, ಮುಂಗಡದ ಲೆಕ್ಕಗಳನ್ನು ತಲೆಯಲ್ಲೇ ಇಟ್ಟುಕೊಂಡು ನಡೆಯಿಸುವ ಹೆಂಗಸಿನ ಮುಂದೆ ನಮ್ಮ ಹಾಜರಿಪುಸ್ತಕವು ನಾಚಬೇಕು. ನಾವು ಹೇಳುವುದು ಇಷ್ಟು ಮಾತ್ರ: ವಿಂಗಡಿಸುವುದು, ಹೋಲಿಸುವುದು, ಒಂದರಿಂದ ಇನ್ನೊಂದನ್ನು ಊಹಿಸುವುದು, ಇವುಗಳ ಅಭ್ಯಾಸವನ್ನು ಶಾಲೆಯು ಯಾರಿಗೂ ತೋರದಂತೆ ಹತ್ತು ವರ್ಷ ಮಾಡಿಸುತ್ತದೆ. ಯಂತ್ರವು ಓದಿ ಹೇಳಬಹುದು. ಹೇಳಿದ್ದನ್ನು ತೂಗಿನೋಡುವ ಈ ಅಭ್ಯಾಸವನ್ನು ಅದು ಕೈಗೆ ಕೊಡುವುದಿಲ್ಲ.

ಟೊಯಾಮಾ ಅವರು ಬೆಂಗಳೂರಿನ ಅನುಭವಗಳ ಮೇಲೆ ೨೦೧೫ರಲ್ಲಿ ಒಂದು ಗ್ರಂಥವನ್ನು ಬರೆದು, ಯಂತ್ರವು ಮನುಷ್ಯರಲ್ಲಿ ಮೊದಲೇ ಇರುವ ಶಕ್ತಿಯನ್ನೂ ಇಚ್ಛೆಯನ್ನೂ ಹೆಚ್ಚಿಸುವುದೇ ಹೊರತು ಇಲ್ಲದುದನ್ನು ಹುಟ್ಟಿಸುವುದಿಲ್ಲವೆಂದು ವಾದಿಸಿದ್ದಾರೆ. ಒಳ್ಳೆಯ ಶಾಲೆಗೆ ಕೊಟ್ಟರೆ ಒಳ್ಳೆಯದಾಗುತ್ತದೆ. ಕೆಟ್ಟು ಕುಳಿತ ಶಾಲೆಗೆ ಕೊಟ್ಟರೆ ಮೂಲೆಯಲ್ಲಿ ಧೂಳು ಹಿಡಿಯುತ್ತದೆ. ಯಂತ್ರಗಳನ್ನು ಮಾಡುವವರ ನಡುವೆಯೇ ಇದ್ದು ಹೀಗೆ ಹೇಳುವುದಕ್ಕೆ ಧೈರ್ಯ ಬೇಕು. ಆದರೆ ಈ ಮಾತನ್ನು ಹಿಡಿದುಕೊಂಡು, ಬಡಶಾಲೆಗಳಿಗೆ ಯಂತ್ರಗಳೇ ಬೇಡವೆನ್ನುವವರೊಡನೆ ನಾವು ಸೇರುವವರಲ್ಲ. ಶಾಲೆ ಸರಿಯಾಗುವವರೆಗೂ ಕಾಯಬೇಕಾದರೆ ನಮ್ಮ ಹುಡುಗಿಯರ ಕೂದಲು ನರೆತುಹೋದೀತು.

ಆ ತಾಯಿಯೊಡನೆ ಮಾತಾಡಿದಂದಿನಿಂದ ಶಾಲೆಯ ಸೂಚನೆಗಳನ್ನೆಲ್ಲಾ ಬರೆದು ಕಳುಹಿಸುವುದರ ಜೊತೆಗೆ ನಮ್ಮ ಧ್ವನಿಯಲ್ಲಿಯೂ ಕಳುಹಿಸುತ್ತಿದ್ದೇವೆ. ಇದರಿಂದ ತಾಯಂದಿರು ಓದು ಕಲಿಯುವ ಆಸೆಯನ್ನೇ ಬಿಡುವರೆಂದು ನಮ್ಮ ಹಿರಿಯ ಸಹೋದ್ಯೋಗಿನಿಯೊಬ್ಬರು ಆಕ್ಷೇಪಿಸಿದರು. ಅವರ ಆಕ್ಷೇಪಣೆಯನ್ನು ನಾವು ಹಗುರವಾಗಿ ಎಣಿಸಲಿಲ್ಲ. ಆದರೆ ನಡೆದದ್ದು ಬೇರೆ. ಮೊದಲನೆಯ ಧ್ವನಿಸೂಚನೆಗೆ ಧ್ವನಿಯಲ್ಲಿಯೇ ಉತ್ತರ ಕೊಟ್ಟ ತಾಯಂದಿರಲ್ಲಿ ಆಕೆಯೂ ಒಬ್ಬಳು. ತಿಂಗಳು ಕಳೆದ ಮೇಲೆ ತಾನಾಗಿ ಶಾಲೆಗೆ ಬಂದು, ಮೊಬೈಲಿನಲ್ಲಿ ಬರೆದದ್ದನ್ನು ಯಂತ್ರವೇ ಓದಿ ಹೇಳುವಂತೆ ಮಗಳು ಮಾಡಿಕೊಟ್ಟಿದ್ದಾಳೆಂದು ತೋರಿಸಿ, "ಅದು ಓದುತ್ತೆ, ಸರಿ. ಸರಿಯಾಗಿ ಓದ್ತೋ ಇಲ್ವೋ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು ಮೇಡಮ್ಮೋರೆ? ನನಗೂ ನಾಲ್ಕು ಅಕ್ಷರ ಹೇಳಿಕೊಡಿ" ಎಂದಳು. ಮಹನೀಯರ ಪ್ರಶ್ನೆಗೆ ಚಹಾಪಾನದ ದಿನ ನಮಗೆ ಹೊಳೆಯದೆ ಹೋದ ಉತ್ತರ ಇದು.

ಶನಿವಾರ ಮಧ್ಯಾಹ್ನ ಮೂರು ಗಂಟೆಗೆ, ಮನೆಗೆಲಸಗಳ ಎರಡು ಸರದಿಗಳ ನಡುವೆ, ಆರನೆಯ ತರಗತಿಯ ಕೊಠಡಿಯಲ್ಲಿ ಈಗ ಏಳು ಮಂದಿ ತಾಯಂದಿರು ಕೂಡುತ್ತಾರೆ. ಒಂಬತ್ತನೆಯ ತರಗತಿಯ ಇಬ್ಬರು ಹುಡುಗಿಯರು ಸರದಿಯ ಮೇಲೆ ಕಲಿಸುತ್ತಾರೆ. ಅ ಆ ಇ ಈ ಯಿಂದ ಆರಂಭಿಸಬೇಕೆಂದು ನಾವು ಹೇಳಿದ್ದೆವು, ತಾಯಂದಿರು ಒಪ್ಪಲಿಲ್ಲ. ತಮ್ಮ ಮೊಬೈಲಿನಲ್ಲಿರುವ ಹೆಸರುಗಳಿಂದಲೂ ಬಸ್ಸಿನ ಹಲಗೆಗಳಿಂದಲೂ ಆರಂಭಿಸಬೇಕೆಂದು ಹಟ ಹಿಡಿದರು, ಹಾಗೆಯೇ ಆಗಿದೆ. ಕುಳಿತುಕೊಳ್ಳುವ ಬೆಂಚುಗಳು ಅವರಿಗೆ ಚಿಕ್ಕವಾದುದರಿಂದ ಎರಡು ಜಮಖಾನೆಗಳು ಬೇಕಾಗಿವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಕೊಡಲು ಇಷ್ಟಪಟ್ಟರೆ ಕಚೇರಿಯಲ್ಲಿ ತಿಳಿಸಬಹುದು.